ಗಂಟೆಗೆ ಹತ್ತೇ ಈಡು

ಟ್ರಿಗರ್ ಎಳೆದರೆ ಮೊದಲು ‘ಟಕ್’, ಆಮೇಲೆ ‘ಭುಸ್’, ಕೊನೆಗೆ ‘ಢಂ’. ಈ ಮೂರೂ ಬಿಡಿಬಿಡಿಯಾಗಿ ಕೇಳಿಸಿದರೆ ಕೋವಿಯನ್ನೋ ಹೊಡೆದವನನ್ನೋ ಇನ್ನಷ್ಟು ಪಳಗಿಸಬೇಕು ಎಂದರ್ಥ. ಒಳ್ಳೆಯ ಚಕಮಕಿ ಕೋವಿಯಲ್ಲಿ ಮೂರೂ ಸೇರಿ ಒಂದೇ ಸದ್ದು. ಅದರ ಹಿಂದೆಯೇ ಬಿಳಿ ಹೊಗೆ ಎದ್ದು ಗುರಿಹಲಗೆಯನ್ನು ಮುಚ್ಚಿಬಿಡುತ್ತದೆ. ಗುಂಡು ಎಲ್ಲಿ ತಾಗಿತೆಂದು ನೋಡಲು ಗಾಳಿ ಬೀಸುವವರೆಗೆ ಕಾಯಬೇಕು. ಅಷ್ಟು ಹೊತ್ತೂ ಮೂಗಿಗೆ ದೀಪಾವಳಿಯ ಮಾರನೇ ಬೆಳಗಿನ ಅಂಗಳದ ವಾಸನೆ.

ಒಹಾಯೊದ ಒಂದು ಶೂಟಿಂಗ್ ರೇಂಜಿನಲ್ಲಿ ಇಂಥ ಹೊಗೆಯ ನಡುವೆ ಶನಿವಾರ ಕಳೆಯಲು ಶುರುಮಾಡಿ ನನಗೆ ಏಳು ವರ್ಷವಾಯಿತು. ಪಕ್ಕದ ಸಾಲಿನಲ್ಲಿ ಹೊಸ ರೈಫಲ್ ಹಿಡಿದವರು ಅರ್ಧ ಗಂಟೆಯಲ್ಲಿ ನೂರು ತೋಟಾ ಮುಗಿಸಿ ಮನೆಗೆ ಹೋಗುತ್ತಾರೆ. ನಾನು ಗಂಟೆಗೆ ಹತ್ತು, ಹೆಚ್ಚೆಂದರೆ ಹನ್ನೆರಡು. ಕೊಪ್ಪದ ಕಡೆಯ ನಮ್ಮ ಮನೆಯ ಗೋಡೆಯಲ್ಲಿದ್ದ ಅಜ್ಜನ ಒಂಟಿನಳಿಗೆ ಕೇಪಿನ ಕೋವಿಯನ್ನು ಮುಟ್ಟಿದರೆ ಚಿಕ್ಕವನಿದ್ದಾಗ ಬೆನ್ನಿಗೆ ಬೀಳುತ್ತಿತ್ತು. ಅದೇ ಜಾತಿಯ ಕೋವಿಯನ್ನು ಇಲ್ಲಿ ಜನ ಹವ್ಯಾಸವೆಂದು ತುಂಬಿ, ಹೊಡೆದು, ತೊಳೆದು, ಬಹುಮಾನವನ್ನೂ ಗೆದ್ದು ಬರುವುದು ಕಂಡು ಸೋಜಿಗಪಟ್ಟವನು ನಾನು. ಈಗ ಕನ್ನಡ ಕೂಟದಲ್ಲಿ ಸಿಕ್ಕವರು, ಊರಿಂದ ಫೋನ್ ಮಾಡಿದವರು ‘ಇದನ್ನು ಶುರುಮಾಡುವುದು ಹೇಗೆ ಮಾರಾಯ?’ ಎಂದು ಕೇಳುವುದು ಹೆಚ್ಚಾಗಿದೆ. ಅವರಿಗೆಲ್ಲ ನಾನು ಮೊದಲು ಹೇಳುವ ಮಾತು: ಹೊಡೆಯುವುದಷ್ಟೇ ಇಷ್ಟವಿದ್ದರೆ ಇದಕ್ಕೆ ಬರಬೇಡಿ. ಇಲ್ಲಿ ಹೊಡೆಯುವುದು ಒಂದು ಪಾಲಾದರೆ ತುಂಬುವುದು, ಒರೆಸುವುದು, ತೊಳೆಯುವುದು ಒಂಬತ್ತು ಪಾಲು. ಸೈಕಲ್ಲಿನ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಜೋಡಿಸುವುದೇ ಸುಖ ಎನ್ನುವವರಿಗೆ ಇದು ಹಿಡಿಸುತ್ತದೆ.

ಬೆಂಕಿ ಹೊತ್ತಿಸುವ ಮೂರು ಬಗೆ

ನಳಿಗೆಯ ಬಾಯಿಂದಲೇ ಮದ್ದು, ಗುಂಡು ಎರಡನ್ನೂ ಇಳಿಸಿ ಗಜದಿಂದ ಜಡಿಯುವ ಕೋವಿಗಳೆಲ್ಲ ಈ ಗುಂಪಿನವು. ಮದ್ದಿಗೆ ಬೆಂಕಿ ಮುಟ್ಟಿಸುವ ಬಗೆ ಮಾತ್ರ ಬೇರೆಬೇರೆ. ಎಲ್ಲಕ್ಕಿಂತ ಹಳೆಯದು ಉರಿಯುವ ಬತ್ತಿಯದು. 1543ರಲ್ಲಿ ಪೋರ್ಚುಗೀಸರಿಂದ ಜಪಾನಿನ ತನೆಗಷಿಮಾ ದ್ವೀಪಕ್ಕೆ ಬಂದಿಳಿದದ್ದು ಇಂಥ ಬತ್ತಿ ಕೋವಿ. ಬಾಯಿಂದ ತುಂಬುವ ಕೋವಿಗಳ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬತ್ತಿ ಕೋವಿಯ ಒಂದು ಸ್ಪರ್ಧೆಗೆ ಆ ದ್ವೀಪದ ಹೆಸರನ್ನೇ ಇಟ್ಟಿದ್ದಾರೆ.

ಎರಡನೆಯದು ಚಕಮಕಿ. ಟ್ರಿಗರ್ ಎಳೆದಾಗ ಬಡಿಯುವ ‘ಕುದುರೆ’ಯ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ತಗಡನ್ನು ಕೆರೆದು ಕಿಡಿ ಉದುರಿಸುತ್ತದೆ. ಕಿಡಿ ಬೀಳುವುದು ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ನಯವಾದ ಮದ್ದಿನ ಮೇಲೆ. ಹಳಬರು ಇದನ್ನು ರಂಜಕ ಎನ್ನುತ್ತಿದ್ದರು. ಅದು ಭುಗಿಲೆಂದು ಕಿವಿತೂತಿನ ಮೂಲಕ ಒಳಗಿನ ಮದ್ದಿಗೆ ಬೆಂಕಿ ದಾಟಿಸುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ, ಹುಲಿಯ ಮುಖ ಹುಲಿಯ ಪಟ್ಟೆಯಿಂದ ಸಿಂಗರಿಸಿದ ಕೋವಿಗಳು ಇದೇ ಬಗೆಯವು. 1799ರ ನಂತರ ಅವುಗಳಲ್ಲಿ ಹಲವು ಬ್ರಿಟನ್ನಿಗೆ ಹೋದವು.

ಮೂರನೆಯದು ನಮ್ಮ ಮಲೆನಾಡಿನವರೆಲ್ಲ ಬಲ್ಲ ಕೇಪು. ಇದರ ಹಿಂದೆ ಒಬ್ಬ ಪಾದ್ರಿಯ ಬೇಟೆಯ ಹುಚ್ಚಿದೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಅಲೆಗ್ಸಾಂಡರ್ ಫೋರ್ಸೈತ್‌ಗೆ ಬಾತುಕೋಳಿ ಹೊಡೆಯುವ ಚಟ. ಬಟ್ಟಲಿನ ರಂಜಕ ಭಗ್ಗೆಂದದ್ದು ಕಂಡು, ಗುಂಡು ಹೊರಡುವಷ್ಟರಲ್ಲಿ ಬಾತುಗಳು ಹಾರಿಬಿಡುತ್ತಿದ್ದವಂತೆ. ಪೆಟ್ಟು ಬಿದ್ದರೆ ತಾನಾಗಿ ಸಿಡಿಯುವ ರಾಸಾಯನಿಕವನ್ನು ರಂಜಕದ ಬದಲು ಬಳಸುವ ಉಪಾಯಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಪುಟ್ಟ ಟೋಪಿಯಂತಹ ಕೇಪು ಹುಟ್ಟಿದ್ದು ಆ ದಾರಿಯಲ್ಲೇ.

ಹೊಸಬರಿಗೆ ನನ್ನ ಸಲಹೆ ಕೇಪಿನ ರೈಫಲ್. ಚಕಮಕಿಯ ಚೆಲುವು ಬೇರೆಯೇ, ನಿಜ. ಆದರೆ ಕಲ್ಲು ಮೊಂಡಾದರೆ ಕಿಡಿಯಿಲ್ಲ, ಮಂಜು ಬಿದ್ದರೆ ರಂಜಕ ಅಂಟುತ್ತದೆ, ಕಣ್ಣೆದುರೇ ಬೆಂಕಿ ಎದ್ದಾಗ ಕೈ ಅದುರುತ್ತದೆ. ನಾನು ಹಟಕ್ಕೆ ಬಿದ್ದು ಚಕಮಕಿಯಿಂದಲೇ ಶುರುಮಾಡಿ ಮೊದಲ ಆರು ತಿಂಗಳು ಗುರಿಹಲಗೆಗಿಂತ ಅದರ ಹಿಂದಿನ ಮಣ್ಣುದಿಬ್ಬಕ್ಕೇ ಹೆಚ್ಚು ಸೀಸ ದಾನ ಮಾಡಿದೆ.

ಕೋವಿಗಿಂತ ಮೊದಲು ಕಾನೂನು

ಊರಿನವರಿಗೆ ನೇರವಾಗಿ ಹೇಳುತ್ತೇನೆ. ಹಳೆಯ ಕಾಲದ್ದು, ತೋಟಾ ಹಾಕುವುದಲ್ಲ ಎಂದಮಾತ್ರಕ್ಕೆ ಭಾರತದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಪಿನ ಕೋವಿಗೂ ಲೈಸೆನ್ಸ್ ಬೇಕು. ಪುರಾತನ ಕೋವಿಗಳಿಗೆ ವಿನಾಯಿತಿ ಇರುವುದು, ರಿಪೇರಿ ಮಾಡಿದರೂ ಹೊಡೆಯಲು ಬಾರದಂಥವಕ್ಕೆ ಮಾತ್ರ. ನಮ್ಮ ಕಡೆ ಮನೆಮನೆಯಲ್ಲಿರುವುದು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ. ಚುನಾವಣೆ ಬಂದಾಗಲೆಲ್ಲ ಅದನ್ನು ಹೆಗಲಿಗೇರಿಸಿ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುವ ತಾಪತ್ರಯ ಗೊತ್ತಿದ್ದವರಿಗೆ ಗೊತ್ತು. ಅದು ಗುರಿ ಹೊಡೆಯುವ ಮೋಜಿಗೆ ಕೊಟ್ಟ ಲೈಸೆನ್ಸ್ ಅಲ್ಲ. ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ನಿಲ್ಲದು.

ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್‌ ದಿನ ಕೋವಿ ಕತ್ತಿಗಳನ್ನು ತೊಳೆದಿಟ್ಟು, ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಾವು ಗೌರಿಹೂ, ಅಗ್ನಿಶಿಖೆ ಎನ್ನುವ ಹೂವದು. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಎಂಬ ರೂಢಿಯೂ ಅಲ್ಲುಂಟು. ಹವ್ಯಾಸ ಎನ್ನುವ ತೆಳು ಮಾತು ಅದಕ್ಕೆ ಒಪ್ಪುವುದಿಲ್ಲ.

ಇನ್ನು ಅಮೆರಿಕದಲ್ಲಿರುವವರು. ಕರಿಮದ್ದಿಗೆಂದೇ ಮಾಡಿದ, ತೋಟಾ ಹಾಕಲು ಬಾರದ ಬಾಯಿತುಂಬು ಕೋವಿಗಳನ್ನು ಇಲ್ಲಿನ ಫೆಡರಲ್ ಕಾನೂನು ‘ಪುರಾತನ’ದ ಸಾಲಿಗೆ ಸೇರಿಸಿ ಮಾಮೂಲಿ ಬಂದೂಕಿನ ಲೆಕ್ಕದಿಂದ ಹೊರಗಿಟ್ಟಿದೆ. ಹಾಗಾಗಿ ಎಷ್ಟೋ ರಾಜ್ಯಗಳಲ್ಲಿ ಇವು ಅಂಚೆಯ ಪೆಟ್ಟಿಗೆಯಂತೆ ನೇರ ಮನೆಬಾಗಿಲಿಗೇ ಬರುತ್ತವೆ. ಇಲ್ಲೇ ನಮ್ಮವರು ಎಡವುವುದು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಕೆಲವೇ ವಿನಾಯಿತಿಗಳೊಂದಿಗೆ ನಿಷೇಧಿಸಿದೆ. ‘ಇದು ಬಂದೂಕಿನ ಲೆಕ್ಕಕ್ಕೇ ಬರುವುದಿಲ್ಲ, ಒಯ್ಯಿರಿ’ ಎಂದು ಅಂಗಡಿಯವನು ಹೇಳಬಹುದು. ಆದರೆ ರಾಜ್ಯ ರಾಜ್ಯಕ್ಕೆ ವ್ಯಾಖ್ಯೆ ಬೇರೆ. ಇನ್‌ಲೈನ್ ಎಂಬ ಹೊಸ ಮಾದರಿಗಳಲ್ಲಿ ನಳಿಗೆ ಬದಲಿಸಿದರೆ ತೋಟಾಕೋವಿಯೇ ಆಗಿಬಿಡುವಂಥವೂ ಇವೆ, ಅವು ಪುರಾತನವಲ್ಲ. ವಕೀಲರ ಒಂದು ಮಾತು ಕೇಳದೆ ಮುಂದುವರಿಯಬೇಡಿ. ನಾನು ಗ್ರೀನ್ ಕಾರ್ಡ್ ಕೈಗೆ ಬರುವವರೆಗೂ ದೂರದಲ್ಲಿ ನಿಂತು ಹೊಗೆ ಕುಡಿದದ್ದಷ್ಟೇ.

ಏನೇನು ಬೇಕು

ಕಾರ್ಖಾನೆಯ ಹೊಸ ಕೇಪಿನ ರೈಫಲ್ ಕೆಲವು ನೂರು ಡಾಲರಿಗೆ ಸಿಗುತ್ತದೆ. ಕೈಯಲ್ಲೇ ಕೆತ್ತಿದ ಚಕಮಕಿ ಲಾಂಗ್ ರೈಫಲ್‌ಗೆ ಸಾವಿರಗಟ್ಟಲೆ. ಪೆನ್ಸಿಲ್ವೇನಿಯಾದಲ್ಲಿ ನೆಲೆನಿಂತ ಜರ್ಮನ್ ಮೂಲದ ಕಮ್ಮಾರರು 18ನೇ ಶತಮಾನದಲ್ಲಿ ರೂಪಿಸಿದ ಆ ಸಪೂರ ಉದ್ದ ಕೋವಿಯ ಮೇಲೆ ಎಲ್ಲರಿಗೂ ಕಣ್ಣು. ಬಿಡಿಭಾಗಗಳ ಕಿಟ್ ತಂದು ಚಳಿಗಾಲವಿಡೀ ಮರ ಉಜ್ಜಿ, ಎಣ್ಣೆ ಕುಡಿಸಿ ಜೋಡಿಸುವವರೂ ಇದ್ದಾರೆ. ನಡುವಿನ ದಾರಿ ಸೆಕೆಂಡ್‌ಹ್ಯಾಂಡ್. ಕೊಳ್ಳುವ ಮೊದಲು ಒದ್ದೆ ಬಟ್ಟೆ ನಳಿಗೆಯೊಳಗೆ ಆಡಿಸಿ ನೋಡಿ. ಕೆಂಪಗೆ ಬಂದರೆ, ಅಥವಾ ಗಜ ನಡುವೆ ಎಲ್ಲಾದರೂ ತಡೆದು ತಡೆದು ಹೋದರೆ ಬಿಟ್ಟುಬಿಡಿ. ಹಿಂದಿನವನು ತೊಳೆಯದೆ ಇಟ್ಟದ್ದರ ಗುರುತು ಅದು.

ನಳಿಗೆಯ ಅಳತೆ ಪಾಯಿಂಟ್ 50 ಇರಲಿ, ಅಂದರೆ ಅರ್ಧ ಅಂಗುಲ. ಗುಂಡು, ಬಟ್ಟೆ, ಸಾಮಾನು ಎಲ್ಲ ಕಡೆ ಸಿಗುವ ಅಳತೆ ಅದು.

ಮದ್ದಿನ ವಿಷಯದಲ್ಲಿ ಒಂದೇ ನಿಯಮ, ಅದಕ್ಕೆ ಅಪವಾದವಿಲ್ಲ: ಕರಿಮದ್ದು, ಇಲ್ಲವೇ ಕರಿಮದ್ದಿನ ಬದಲಿಗೆಂದೇ ತಯಾರಿಸಿದ ಪೈರೋಡೆಕ್ಸ್, ಟ್ರಿಪಲ್ ಸೆವೆನ್‌ನಂಥವು. ಇಂದಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕಬಾರದು. ಅದರ ಒತ್ತಡಕ್ಕೆ ಈ ನಳಿಗೆ ಸಿಡಿದರೆ ಹೋಗುವುದು ನಿಮ್ಮ ಎಡಗೈ. ಚಕಮಕಿಗೆ ಅಸಲಿ ಕರಿಮದ್ದೇ ಆಗಬೇಕು. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಬಿಸಿ ಕೇಳುತ್ತವೆ, ಬಟ್ಟಲಿನ ಕಿಡಿ ಅವಕ್ಕೆ ಸಾಲದು. ಡಬ್ಬಿಯ ಮೇಲೆ ‘ಎಫ್’ ಹೆಚ್ಚಿದಷ್ಟೂ ಕಾಳು ಸಣ್ಣ. ಎರಡು ಎಫ್ ದೊಡ್ಡ ನಳಿಗೆಗೆ, ಮೂರು ಎಫ್ ಸಣ್ಣದಕ್ಕೆ, ನಾಲ್ಕು ಎಫ್ ಬಟ್ಟಲಿಗೆ. ರವೆಯಲ್ಲಿ ಬನ್ಸಿ, ಚಿರೋಟಿ ಇದ್ದಂತೆ. ಮದ್ದನ್ನು ತಂದ ಡಬ್ಬಿಯಲ್ಲೇ ತಂಪು ಜಾಗದಲ್ಲಿ ಬೀಗ ಹಾಕಿಡಿ, ಕೇಪುಗಳು ಬೇರೆ ಕಡೆ ಇರಲಿ. ವಿಮಾನದಲ್ಲಿ ಮದ್ದನ್ನೂ ಕೇಪನ್ನೂ ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ರೇಂಜಿಗೆ ತೊಟ್ಟ ಅಂಗಿಯಲ್ಲೇ ವಿಮಾನ ಹತ್ತಲು ಹೋಗಿ ತಪಾಸಣೆಯಲ್ಲಿ ಮುಕ್ಕಾಲು ಗಂಟೆ ಕೂತವರನ್ನೂ ಬಲ್ಲೆ.

ಒಂದು ಈಡು ತುಂಬುವುದು

ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ. ಕೋವಿ ಕೈಗೆ ಬಂದ ಕೂಡಲೇ ಮೊದಲ ಕೆಲಸ ಗಜವನ್ನು ನಳಿಗೆಯೊಳಗೆ ಬಿಟ್ಟು ನೋಡುವುದು. ಖಾಲಿ ನಳಿಗೆಯಲ್ಲಿ ಅದು ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ ಒಂದು ಗೀರು ಹಾಕಿಕೊಂಡಿರಬೇಕು. ತುಂಬಿದಾಗ ಎಲ್ಲಿಗೆ ನಿಲ್ಲುತ್ತದೋ ಅಲ್ಲೊಂದು. ಈ ಎರಡು ಗೀರುಗಳೇ ನಿಮ್ಮ ಜೀವವಿಮೆ. ಕೋವಿಯ ಒಳಗೆ ಏನಿದೆ ಎಂದು ಹೊರಗಿಂದ ಹೇಳುವ ಬೇರೆ ಸಾಕ್ಷಿ ಇಲ್ಲ.

ಖಾಲಿ ಎಂದು ಖಾತ್ರಿಯಾಯಿತೇ? ನಳಿಗೆಯಲ್ಲಿ ಉಳಿದ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ, ಬರೀ ಒಂದೆರಡು ಕೇಪು ಹೊಡೆದು ದಾರಿ ಒಣಗಿಸಿ. ಈಗ ಮದ್ದು. ಕೊಂಬಿನಿಂದಲೋ ಡಬ್ಬಿಯಿಂದಲೋ ನೇರ ನಳಿಗೆಗೆ ಸುರಿಯುವುದನ್ನು ಸಿನಿಮಾದಲ್ಲಿ ನೋಡಿರುತ್ತೀರಿ. ಅದನ್ನು ಮಾತ್ರ ಮಾಡಬೇಡಿ. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಅಷ್ಟೂ ಮದ್ದು ಸಿಡಿಯುತ್ತದೆ. ಹಿತ್ತಾಳೆಯ ಅಳತೆ ಕೊಳವೆಗೆ ಒಂದು ಈಡಿನಷ್ಟು ತೆಗೆದುಕೊಂಡು, ಡಬ್ಬಿಯ ಮುಚ್ಚಳ ಹಾಕಿ ಬದಿಗಿಟ್ಟು, ಆಮೇಲೆ ಮುಖವನ್ನು ಬಾಯಿಯ ಮೇಲೆ ತರದೆ ಸುರಿಯಬೇಕು. ಲೆಕ್ಕ ಗ್ರೇನ್‌ಗಳಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನನ್ನ ಪಾಯಿಂಟ್ 50ಕ್ಕೆ ಕಾಗದದ ಗುರಿಗೆ 60 ಗ್ರೇನ್, ಅಂದರೆ ನಾಲ್ಕು ಗ್ರಾಂಗಿಂತ ಚೂರು ಕಡಿಮೆ. ನಿಮ್ಮದಕ್ಕೆ ಎಷ್ಟೆಂದು ಅದರ ತಯಾರಕರ ಪುಸ್ತಕ ಹೇಳುತ್ತದೆ, ಅದರ ಗರಿಷ್ಠ ಮಿತಿ ದಾಟಬೇಡಿ. ಮದ್ದು ಹೆಚ್ಚಿಸಿದರೆ ಗುರಿ ಕೆಡುವುದು, ಭುಜ ನೋಯುವುದು ಬಿಟ್ಟರೆ ಬೇರೆ ಲಾಭವಿಲ್ಲ.

ಮುಂದೆ ಬಟ್ಟೆ ಮತ್ತು ಗುಂಡು. ಇದರ ಒಳಗುಟ್ಟು ನನಗೆ ಬಹಳ ಇಷ್ಟ. ಅರ್ಧ ಅಂಗುಲದ ನಳಿಗೆಗೆ ಹಾಕುವ ಸೀಸದ ಗುಂಡು 0.490 ಅಂಗುಲ, ಅಂದರೆ ಸಡಿಲ. ಅದನ್ನು ಸುತ್ತುವ ಹತ್ತಿಬಟ್ಟೆಯ ದಪ್ಪ 0.015 ಅಂಗುಲ. ಎರಡೂ ಬದಿ ಸೇರಿ 0.520 ಆಯಿತು, ಅಂದರೆ ಬಿಗಿ. ಆ ಹೆಚ್ಚುವರಿ ಬಟ್ಟೆ ನಳಿಗೆಯೊಳಗಿನ ತಿರುಚು ಗೆರೆಗಳಿಗೆ ಸೇರಿಕೊಂಡು, ಗುಂಡು ಹೊರಡುವಾಗ ಅದನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತದೆ. ಸೀಸ ಉಕ್ಕಿಗೆ ತಾಗುವುದೇ ಇಲ್ಲ. ಹೊಡೆದ ಮೇಲೆ ಆ ಬಟ್ಟೆ ಹತ್ತಾರು ಅಡಿ ದೂರದಲ್ಲಿ ಬಿದ್ದಿರುತ್ತದೆ. ಹೆಕ್ಕಿ ನೋಡಿ. ನಡುವೆ ಮಸಿ, ಅಂಚಿನಲ್ಲಿ ಬಿಚ್ಚಿದ ಎಳೆ ಇದ್ದರೆ ಎಲ್ಲ ಸರಿ. ತೂತು ಬಿದ್ದಿದ್ದರೆ, ಸುಟ್ಟಿದ್ದರೆ ಬಟ್ಟೆ ತೆಳುವಾಯಿತು ಅಥವಾ ಜಿಡ್ಡು ಸಾಲಲಿಲ್ಲ.

ಬಟ್ಟೆಗೆ ಸವರುವ ಜಿಡ್ಡು ಪೆಟ್ರೋಲಿಯಂನದ್ದಾದರೆ ಕರಿಮದ್ದಿನ ಜೊತೆ ಸೇರಿ ಡಾಂಬರಿನಂತೆ ಕಟ್ಟಿಕೊಳ್ಳುತ್ತದೆ. ಜೇನುಮೇಣ, ಪ್ರಾಣಿಕೊಬ್ಬು, ಸಸ್ಯದೆಣ್ಣೆ ಆಗುತ್ತದೆ. 1857ರಲ್ಲಿ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿಗೆ ಸಿಪಾಯಿಗಳು ಸಿಡಿದೆದ್ದದ್ದು ಶಾಲೆಯಲ್ಲಿ ಓದಿದ್ದೆವಲ್ಲ, ಅದೂ ಬಾಯಿಂದ ತುಂಬುವ ಕೋವಿಯೇ. ಜಿಡ್ಡು ಯಾಕೆ ಬೇಕಿತ್ತೆಂದು ನನಗೆ ಅರ್ಥವಾದದ್ದು ನಲವತ್ತನೆಯ ವಯಸ್ಸಿನಲ್ಲಿ, ಒಣಬಟ್ಟೆ ಸುತ್ತಿದ ಗುಂಡು ಅರ್ಧದಾರಿಯಲ್ಲಿ ಸಿಕ್ಕಿಕೊಂಡಾಗ! ನಾನು ತೆಂಗಿನೆಣ್ಣೆ ಬಳಸುತ್ತೇನೆ. ಬೇಸಿಗೆಯಲ್ಲಿ ಸೊಗಸು. ಚಳಿ ಶುರುವಾದೊಡನೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಆಗ ಜೇನುಮೇಣದ ಮುಲಾಮಿಗೆ ಶರಣು. ರೇಂಜಿನ ಹಿರಿಯರಿಗೆ ನನ್ನ ಬಟ್ಟೆಯ ಡಬ್ಬಿ ತೆರೆದರೆ ಮಿಠಾಯಿಯ ನೆನಪಾಗುತ್ತದಂತೆ.

ಗಿಡ್ಡ ಹಿಡಿಕೆಯಿಂದ ಗುಂಡನ್ನು ಬಾಯೊಳಗೆ ತಳ್ಳಿ, ಆಮೇಲೆ ಗಜ. ಅದನ್ನು ತುದಿಯಲ್ಲಿ ಹಿಡಿದು ಒಮ್ಮೆಲೇ ಒತ್ತಿದರೆ ಮರದ ಗಜ ಮುರಿದು ಅಂಗೈಗೆ ಹೊಕ್ಕುತ್ತದೆ. ಗೇಣು ಗೇಣಾಗಿ ಹಿಡಿದು ಇಳಿಸಿ. ಗುಂಡು ಮದ್ದಿನ ಮೇಲೆ ಒತ್ತಾಗಿ ಕೂರಲೇಬೇಕು. ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಎರಡನೇ ಗೀರು ಬಾಯಿಗೆ ಸರಿಯಾಗಿ ಬಂತೇ ನೋಡಿ, ಗಜವನ್ನು ಹೊರತೆಗೆದು, ಹೊಡೆಯುವ ಜಾಗಕ್ಕೆ ಹೋಗಿ, ಬಾಯಿ ಗುರಿಯ ಕಡೆಗಿಟ್ಟು, ಕಟ್ಟಕಡೆಗೆ ಕೇಪು.

ಟ್ರಿಗರ್ ಎಳೆದರೂ ಈಡು ಹಾರಲಿಲ್ಲವೇ? ಒಳಗೆ ಕಿಡಿ ಸದ್ದಿಲ್ಲದೆ ಕುಳಿತಿರಬಹುದು. ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಅಲುಗದೆ ನಿಲ್ಲಿ. ಬಾಯೊಳಗೆ ಇಣುಕುವ ಚಪಲ ಇರುವವರು ಈ ಹವ್ಯಾಸಕ್ಕೆ ಬರಬಾರದು.

ಇನ್ನೊಂದು ಎಲ್ಲರಿಗೂ ಆಗುವಂಥದ್ದು. ನನ್ನ ಮೊದಲ ಪಂದ್ಯದಲ್ಲಿ ಪಕ್ಕದವರ ಜೊತೆ ಮಾತಾಡುತ್ತಾ ಮದ್ದು ಹಾಕುವುದನ್ನೇ ಮರೆತು ಗುಂಡು ಜಡಿದುಬಿಟ್ಟೆ. ಕೇಪು ಚಟ್ಟೆಂದಿತು, ಅಷ್ಟೇ. ಗಜದ ತುದಿಗೆ ಸ್ಕ್ರೂ ಹಾಕಿ ಸೀಸಕ್ಕೆ ಕೊರೆದು ಎಳೆಯಲು ಇಬ್ಬರು ಬೇಕಾದರು. ಆ ದಿನದ ಊಟದಲ್ಲಿ ನನ್ನ ತಟ್ಟೆಯ ಪಕ್ಕ ಯಾರೋ ‘ಮದ್ದು’ ಎಂದು ಬರೆದು ಮೆಣಸಿನಪುಡಿಯ ಡಬ್ಬಿ ಇಟ್ಟಿದ್ದರು. ತುಂಬುವಾಗ ಮಾತು ಬೇಡ ಎಂದು ರೇಂಜಿನಲ್ಲಿ ಬೋರ್ಡು ಹಾಕಿರುವುದು ಸುಮ್ಮನೆ ಅಲ್ಲ.

ತೊಳೆಯುವುದು

ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿಯಲ್ಲಿ ಲವಣಗಳಿರುತ್ತವೆ. ಅವು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನತೊಡಗುತ್ತವೆ. ಒಮ್ಮೆ ರಾತ್ರಿ ಸುಸ್ತಾಗಿ ‘ನಾಳೆ ನೋಡೋಣ’ ಎಂದು ಮಲಗಿದೆ. ಬೆಳಿಗ್ಗೆ ನಳಿಗೆಯಿಂದ ಬಟ್ಟೆ ಅಡಕೆಚೊಗರಿನ ಬಣ್ಣದಲ್ಲಿ ಹೊರಬಂತು. ಅಂದಿನಿಂದ ಊಟಕ್ಕಿಂತ ಮೊದಲು ಕೋವಿ. ದುಬಾರಿ ದ್ರಾವಣಗಳೇನೂ ಬೇಡ. ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ನಳಿಗೆ ಕಳಚಿ ಬರುವಂಥದ್ದಾದರೆ ಅದರ ಬುಡವನ್ನು ಬಕೆಟ್ಟಿನಲ್ಲಿಟ್ಟು, ಬಟ್ಟೆ ಕಟ್ಟಿದ ಗಜವನ್ನು ಮೇಲೆ ಕೆಳಗೆ ಆಡಿಸಿದರೆ ನಳಿಗೆ ಪಿಚಕಾರಿಯಂತೆ ನೀರು ಎಳೆದು ಬಿಡುತ್ತದೆ. ಮೊದಲ ನೀರು ಮಸಿಗಪ್ಪು, ಕೊಳೆತ ಮೊಟ್ಟೆಯ ನಾತ. ಮೂರನೆಯದು ತಿಳಿ. ಒಣಗಿಸಿ, ಎಣ್ಣೆ ಸವರಿ, ಮಾರನೇ ದಿನ ಇನ್ನೊಂದು ಬಟ್ಟೆ ಆಡಿಸಿ ನೋಡಬೇಕು. ಅಡಿಗೆಮನೆಯ ಸಿಂಕಿನಲ್ಲಿ ಈ ಕೆಲಸ ಬೇಡ. ಸೀಸ ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯದೆ ಮಕ್ಕಳನ್ನು ಎತ್ತಿಕೊಳ್ಳಲೂ ಬೇಡಿ.

ಒಬ್ಬರೇ ಪುಸ್ತಕ ನೋಡಿ ಕಲಿಯುವುದಕ್ಕಿಂತ ಹಿರಿಯರ ಪಕ್ಕ ನಿಂತು ಕಲಿಯುವುದು ಲೇಸು. ಇಲ್ಲಿನ ರಾಷ್ಟ್ರೀಯ ಬಾಯಿತುಂಬು ರೈಫಲ್ ಸಂಘ 1933ರದ್ದು. ಇಂಡಿಯಾನಾದ ಫ್ರೆಂಡ್‌ಷಿಪ್ ಎಂಬ ಸಣ್ಣ ಊರಿನ ಅದರ ಮೈದಾನದಲ್ಲಿ ಜೂನ್ ಮತ್ತು ಸೆಪ್ಟೆಂಬರಿನಲ್ಲಿ ದೊಡ್ಡ ಪಂದ್ಯ ನಡೆಯುತ್ತದೆ. ನೋಡಲಿಕ್ಕೆಂದಾದರೂ ಹೋಗಿ, ಅದು ಪಂದ್ಯಕ್ಕಿಂತ ಜಾತ್ರೆ. ವರ್ಜೀನಿಯಾದ ವಿಂಚೆಸ್ಟರ್ ಹತ್ತಿರ ಅಂತರ್ಯುದ್ಧದ ಕಾಲದ ಸಮವಸ್ತ್ರ ತೊಟ್ಟು ತಂಡ ಕಟ್ಟಿ ಹೊಡೆಯುವವರ ಮೈದಾನವಿದೆ. 1840ಕ್ಕಿಂತ ಹಿಂದಿನ ಡೇರೆ, ಉಡುಪು, ಒಲೆಗಳೊಡನೆ ವಾರಗಟ್ಟಲೆ ಬಿಡಾರ ಹೂಡುವ ಕೂಟಗಳೂ ಇವೆ. ಆ ಹುಚ್ಚು ನನಗಿನ್ನೂ ಹಿಡಿದಿಲ್ಲ. ಬ್ರಿಟನ್ನಿನಲ್ಲಿರುವವರಿಗೆ 1952ರಿಂದ ನಡೆಯುತ್ತಿರುವ ಅಲ್ಲಿನ ಬಾಯಿತುಂಬು ಕೋವಿಗಳ ಸಂಘವಿದೆ, ಕಾನೂನು ಮಾತ್ರ ಇಲ್ಲಿಗಿಂತ ಬಿಗಿ.

ಅಜ್ಜನ ಕೋವಿಯನ್ನೇ ತುಂಬಿ ಹೊಡೆದರೆ ಹೇಗೆ ಎಂದು ಕೇಳುವವರು ಬಹಳ. ಹೋದ ವರ್ಷ ಊರಿಗೆ ಹೋದಾಗ ನನಗೂ ಆ ಆಸೆ ಇತ್ತು. ಅಪ್ಪಯ್ಯ ಗೋಡೆಯಿಂದ ಇಳಿಸಿ ಜಗಲಿಯ ಮೇಲಿಟ್ಟರು. ಏಳು ವರ್ಷದ ಅಭ್ಯಾಸ, ಕೈ ತಾನಾಗಿ ಗಜದ ಕಡೆಗೆ ಹೋಯಿತು. ಮೊದಲು ಹೊರಗಿಂದ ನಳಿಗೆಯ ಉದ್ದಕ್ಕೂ ಹಿಡಿದು ಅಳೆದೆ, ಆಮೇಲೆ ಒಳಗೆ ಬಿಟ್ಟೆ. ಗಜ ತಳ ಮುಟ್ಟಲಿಲ್ಲ, ನಾಲ್ಕು ಬೆರಳು ಮೇಲೆಯೇ ನಿಂತಿತು.

“ಅಪ್ಪಯ್ಯ, ಇದು ತುಂಬಿದೆ.”

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಹೌದು ಮಾರಾಯ, ಆ ವರ್ಷ ಗದ್ದೆಗೆ ಹಂದಿ ಬರ್ತಿತ್ತಲ್ಲ, ಬೆದರಿಸೋಕೆ ಅಂತ ಬರೀ ಮದ್ದು ಹಾಕಿ ನಾರು ಜಡಿದಿಟ್ಟಿದ್ದೆ. ಆಮೇಲೆ ಹಂದಿ ಬರ್ಲೇ ಇಲ್ಲ.”

ನಿಪ್ಪಲ್ಲಿನ ಮೇಲೆ ಕೇಪು ಇರಲಿಲ್ಲ, ಅಷ್ಟು ಪುಣ್ಯ. ಬಾಯಿಂದ ನೀರು ಹೊಯ್ದು, ಅಂಗಳದ ಮೂಲೆಯಲ್ಲಿ ಇಡೀ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಅಪ್ಪಯ್ಯನೇ ಲೈಸೆನ್ಸ್ ಪುಸ್ತಕದ ಜೊತೆ ಪೇಟೆಯ ಕೋವಿ ರಿಪೇರಿಯವರ ಹತ್ತಿರ ಒಯ್ದರು. ತಿರುಗಿ ಬಂದಾಗ ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಕತ್ತದ ನಾರು ಇತ್ತು, ಗಂಧಕದ ವಾಸನೆ ಹೊಡೆಯುತ್ತಿತ್ತು. ಅಮ್ಮ ಅದನ್ನು ನೋಡಿ, ಆ ಕೋವಿಯ ಕೆಳಗೇ ಹದಿನೆಂಟು ವರ್ಷ ತೊಟ್ಟಿಲು ಕಟ್ಟಿ ಮೊಮ್ಮಕ್ಕಳನ್ನೆಲ್ಲ ತೂಗಿದ್ದು ಎಂದರು.